ಸಿಯಾಟಲ್ ಕಡೆ ಬರುವವರಿಗೆ: ಬಿಇಸಿಯು ಖಾತೆಯ ವಿಚಾರ

ನಮಸ್ಕಾರ. ಎಚ್-1ಬಿ ಕೆಲಸದ ವೀಸಾ ಮೇಲೆ ರೆಡ್ಮಂಡ್‌ಗೆ ಬರುತ್ತಿದ್ದೀರಿ, ಜೊತೆಗೆ ಮನೆಯವರು ಎಚ್-4 ಅವಲಂಬಿತರ ವೀಸಾ ಮೇಲೆ ಬರುತ್ತಿದ್ದಾರೆ. ಸಂಬಳದ ಖಾತೆಗೆ ಎಲ್ಲರೂ ಬಿಇಸಿಯು (ಬೋಯಿಂಗ್ ಎಂಪ್ಲಾಯೀಸ್ ಕ್ರೆಡಿಟ್ ಯೂನಿಯನ್) ಹೆಸರನ್ನೇ ಹೇಳುತ್ತಾರೆ, ಆದರೆ ಅದು ಬ್ಯಾಂಕೇ ಅಲ್ಲವಂತಲ್ಲ, ದುಡ್ಡು ಭದ್ರವೇ, ಬಂದ ತಕ್ಷಣ ಖಾತೆ ತೆರೆಯಬಹುದೇ ಎಂದು ಕೇಳಿದ್ದೀರಿ. ಸಂಬಳ, ಉಳಿತಾಯ, ಕಾರಿನ ಸಾಲಕ್ಕೆ ಧಾರಾಳವಾಗಿ ತೆರೆಯಿರಿ. ಊರಿಗೆ ದುಡ್ಡು ಕಳಿಸಲು, ಊರಿನಿಂದ ತರಿಸಲು ಮಾತ್ರ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

ಬ್ಯಾಂಕ್ ಅಲ್ಲ ಎನ್ನುವುದು ನಿಜ. ಅದು ಕ್ರೆಡಿಟ್ ಯೂನಿಯನ್, ಅಂದರೆ ನಮ್ಮ ಪತ್ತಿನ ಸಹಕಾರ ಸಂಘದ ಜಾತಿಯದೇ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಂಘದ ಹಿಂದಿದ್ದ ವಿಚಾರವೇ ಇಲ್ಲೂ ಇರುವುದು. ಅಮೆರಿಕದಲ್ಲಿ ಈ ಚಳವಳಿಗೆ ಬೆನ್ನೆಲುಬಾಗಿ ನಿಂತ ಬಾಸ್ಟನ್‌ನ ವ್ಯಾಪಾರಿ ಎಡ್ವರ್ಡ್ ಫಿಲೀನ್ 1907ರಲ್ಲಿ ಭಾರತಕ್ಕೆ ಬಂದಾಗ ಬಂಗಾಳದ ಹಳ್ಳಿಗಳ ಸಹಕಾರ ಸಂಘಗಳನ್ನು ನೋಡಿಕೊಂಡು ಹೋಗಿದ್ದರು. ಇದು ಇಲ್ಲಿನ ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಬಿಇಸಿಯು ಹುಟ್ಟಿದ್ದು 1935ರಲ್ಲಿ, ಆರ್ಥಿಕ ಮಹಾಕುಸಿತದ ನಡುವೆ. ಬೋಯಿಂಗ್ ಕಾರ್ಖಾನೆಗೆ ಸೇರುವ ಕೆಲಸಗಾರರು ತಮ್ಮ ಉಪಕರಣಗಳನ್ನು ತಾವೇ ಕೊಳ್ಳಬೇಕಿತ್ತು. ಕೈಯಲ್ಲಿ ಕಾಸಿಲ್ಲದವರಿಗೆ ಸಾಲ ಕೊಡಲು ನೌಕರರೇ ಸೇರಿ ಸಂಘ ಕಟ್ಟಿಕೊಂಡರು. ದಶಕಗಳ ಕಾಲ ಅದು ಬೋಯಿಂಗ್‌ನವರ ಸಂಘವಾಗಿಯೇ ಇತ್ತು. ಒಂದೇ ಕಂಪನಿಗೆ ಅಂಟಿಕೊಂಡ ಸಂಘಕ್ಕೆ ಆ ಕಂಪನಿ ಬಿದ್ದಾಗ ಏನಾದೀತು ಎನ್ನುವುದು ಇಲ್ಲಿ ಕಲ್ಪನೆಯ ಮಾತಲ್ಲ: 1970ರ ಆಸುಪಾಸಿನಲ್ಲಿ ಬೋಯಿಂಗ್ ಸಿಯಾಟಲ್ ಭಾಗದ ತನ್ನ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಮನೆಗೆ ಕಳಿಸಿತ್ತು. 2002ರಲ್ಲಿ ವಾಷಿಂಗ್ಟನ್ ರಾಜ್ಯದ ನಿವಾಸಿಗಳಿಗೆಲ್ಲ ಸದಸ್ಯತ್ವ ತೆರೆದರು. ಈಗ 10 ಲಕ್ಷಕ್ಕೂ ಮೀರಿ ಸದಸ್ಯರಿದ್ದಾರೆ, ಮುಖ್ಯ ಕಚೇರಿ ಟಕ್ವಿಲಾದಲ್ಲಿದೆ. ನೀವು ಬೋಯಿಂಗ್‌ನವರಾಗಿರಬೇಕಿಲ್ಲ, ರೆಡ್ಮಂಡ್‌ನಲ್ಲಿ ಮನೆ ಮಾಡಿದರೆ ಸಾಕು.

ಇನ್ನು ಭದ್ರತೆ. ಊರಲ್ಲಿ ಸಹಕಾರಿ ಬ್ಯಾಂಕ್ ಮುಳುಗಿ ಹಿರಿಯರು ಠೇವಣಿಗಾಗಿ ಅಲೆದಾಡಿದ್ದನ್ನು ಕಂಡವರಿಗೆ ಈ ಭಯ ಸಹಜ. ಅಲ್ಲಿ ಠೇವಣಿ ವಿಮೆ 5 ಲಕ್ಷ ರೂಪಾಯಿ. ಇಲ್ಲಿ ಕ್ರೆಡಿಟ್ ಯೂನಿಯನ್ ಠೇವಣಿಗೆ ಅಮೆರಿಕದ ಕೇಂದ್ರ ಸರ್ಕಾರದ ಎನ್‌ಸಿಯುಎ ಎಂಬ ಸಂಸ್ಥೆ ಒಬ್ಬರಿಗೆ 2,50,000 ಡಾಲರ್‌ವರೆಗೆ ಖಾತರಿ ಕೊಡುತ್ತದೆ. ಬ್ಯಾಂಕುಗಳಿಗೆ ಅಲ್ಲಿನ ಠೇವಣಿ ವಿಮಾ ಸಂಸ್ಥೆ ಎಫ್‌ಡಿಐಸಿ ಕೊಡುವಷ್ಟೇ. ಗಂಡ ಹೆಂಡತಿ ಜಂಟಿ ಖಾತೆ ಮಾಡಿದರೆ ಇಬ್ಬರ ಪಾಲೂ ಸೇರಿ 5,00,000. ವಿಮೆಯ ಮಿತಿಯೊಳಗಿದ್ದ ಹಣದಲ್ಲಿ ಇದುವರೆಗೆ ಯಾವ ಸದಸ್ಯರೂ ಒಂದು ಸೆಂಟ್ ಕಳೆದುಕೊಂಡಿಲ್ಲ. ಒಂದು ಎಚ್ಚರ: ಅದೇ ಕಟ್ಟಡದಲ್ಲಿ ಕೂತ ಹೂಡಿಕೆ ಸಲಹೆಗಾರರು ಮ್ಯೂಚುವಲ್ ಫಂಡ್ ಮಾರಿದರೆ ಅದಕ್ಕೆ ಈ ವಿಮೆ ಇಲ್ಲ.

ಖಾತೆ ತೆರೆಯುವಾಗ ಮೊದಲು ಉಳಿತಾಯ ಖಾತೆ ಮಾಡಿಸುತ್ತಾರೆ. ಅದೇ ನಿಮ್ಮ ಷೇರು, ಅದರಿಂದಲೇ ಸದಸ್ಯತ್ವ. ದಿನದ ವಹಿವಾಟಿಗೆ ಚೆಕಿಂಗ್ ಖಾತೆ ಜೊತೆಯಲ್ಲೇ ತೆರೆಯಿರಿ. ಆನ್‌ಲೈನ್ ಅರ್ಜಿ ಸೋಶಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೇಳುವ ಜಾಗದಲ್ಲೇ ಹೊಸಬರು ಸಿಕ್ಕಿಬೀಳುವುದು. ಆ ನಂಬರಿಗೆ ಅಮೆರಿಕಕ್ಕೆ ಬಂದು ಸುಮಾರು ಹತ್ತು ದಿನ ಬಿಟ್ಟು ಅರ್ಜಿ ಹಾಕಿ. ಬೇಗ ಹೋದರೆ ವಲಸೆ ದಾಖಲೆ ಕಂಪ್ಯೂಟರಿನಲ್ಲಿ ಇನ್ನೂ ಕಾಣದೆ ಕೆಲಸ ಇನ್ನಷ್ಟು ತಡವಾಗುತ್ತದೆ. ಕಾರ್ಡ್ ಟಪಾಲಿನಲ್ಲಿ ಬರಲು ಮತ್ತೆರಡು ವಾರ ಹಿಡಿಯಬಹುದು. ಅಷ್ಟು ಕಾಯಲಾಗದಿದ್ದರೆ ಪಾಸ್‌ಪೋರ್ಟ್, ವೀಸಾ, ಐ-94 ಎಂಬ ಪ್ರವೇಶ ದಾಖಲೆಯ ಪ್ರತಿ, ವಿಳಾಸಕ್ಕೆ ಬಾಡಿಗೆ ಕರಾರು ಹಿಡಿದು ಶಾಖೆಗೇ ಹೋಗಿ. ಹೋಗುವ ಮೊದಲು ಫೋನ್ ಮಾಡಿ, ನಂಬರಿಲ್ಲದೆ ಈಗ ಏನೇನು ಒಪ್ಪುತ್ತಾರೆ ಎಂದು ಕೇಳಿಕೊಳ್ಳಿ. ನಂಬರ್ ಬಂದ ದಿನವೇ ಅವರಿಗೆ ತಿಳಿಸಿ ಖಾತೆಗೆ ಸೇರಿಸಿಕೊಳ್ಳಿ. ಇದನ್ನು ಮರೆತರೆ ನಿಮ್ಮ ಕ್ರೆಡಿಟ್ ಇತಿಹಾಸ ಎರಡು ಕಡತಗಳಾಗಿ ಒಡೆದುಹೋಗುವ ಸಂಭವವಿದೆ. ಮನೆಯವರಿಗೆ ಎಚ್-4 ಇರುವವರೆಗೆ, ಕೆಲಸದ ಪರವಾನಗಿ ಸಿಗದೆ ಈ ನಂಬರ್ ಕೊಡುವುದಿಲ್ಲ. ಅವರನ್ನು ಜಂಟಿ ಖಾತೆದಾರರಾಗಿ ಸೇರಿಸಲು ಏನು ಬೇಕೆಂದು ಆಗಲೇ ವಿಚಾರಿಸಿ.

ಶಾಖೆಗೆ ಹೋದಾಗ ಗಾಬರಿಯಾಗಬೇಡಿ, ಬಿಇಸಿಯುವಿನ ಹೆಚ್ಚಿನ ಶಾಖೆಗಳಲ್ಲಿ ನಗದು ಕೌಂಟರ್ ಇಲ್ಲ. ಸಿಬ್ಬಂದಿ ಮೇಜಿನ ಬಳಿ ಕೂತು ಖಾತೆ, ಸಾಲದ ಕೆಲಸ ಮಾಡುತ್ತಾರೆ. ನೋಟು ಹಾಕುವುದು, ತೆಗೆಯುವುದು ಎಟಿಎಂನಲ್ಲೇ. ಅಪಾರ್ಟ್‌ಮೆಂಟಿನವರು ಮೊದಲ ತಿಂಗಳ ಬಾಡಿಗೆಗೆ ಸಾಮಾನ್ಯವಾಗಿ ಕ್ಯಾಷಿಯರ್ಸ್ ಚೆಕ್ (ನಮ್ಮ ಡಿಡಿಯಂಥದ್ದು) ಕೇಳುತ್ತಾರೆ, ಅದನ್ನು ಕೀಲಿ ಪಡೆಯುವ ದಿನಕ್ಕಿಂತ ಮೊದಲೇ ಮಾಡಿಸಿಟ್ಟುಕೊಳ್ಳಿ. ಹೊಸ ಖಾತೆಗೆ ಮೊದಲ 30 ದಿನ ಚೆಕ್ ಹಾಕಿದರೆ ಹಣ ತಡೆಹಿಡಿಯಲು ಕಾನೂನಿನಲ್ಲೇ ಅವಕಾಶವಿದೆ. ಊರಿಂದ ತಂದ ಡಾಲರಿನಲ್ಲಿ ಒಂದಿಷ್ಟು ಕೈಯಲ್ಲಿರಲಿ.

ಸಂಬಳ ನೇರವಾಗಿ ಜಮೆ ಆಗಲು ಆಫೀಸಿನವರಿಗೆ ಎರಡು ಸಂಖ್ಯೆ ಕೊಡಬೇಕು: ಸಂಸ್ಥೆಯನ್ನು ಗುರುತಿಸುವ ಒಂಬತ್ತು ಅಂಕಿಯ ರೂಟಿಂಗ್ ನಂಬರ್ ಮತ್ತು ಚೆಕಿಂಗ್ ಖಾತೆಯ ನಂಬರ್. ಕ್ರೆಡಿಟ್ ಯೂನಿಯನ್‌ಗಳಲ್ಲಿ ಸದಸ್ಯತ್ವ ಸಂಖ್ಯೆ, ಖಾತೆ ಸಂಖ್ಯೆ, ಕಾರ್ಡಿನ ಸಂಖ್ಯೆ ಮೂರೂ ಬೇರೆ ಬೇರೆ ಇರಬಹುದು. ಸದಸ್ಯತ್ವ ಸಂಖ್ಯೆಯನ್ನೋ ಕಾರ್ಡಿನ ಸಂಖ್ಯೆಯನ್ನೋ ತುಂಬಿಸಿ ಮೊದಲ ಸಂಬಳ ವಾಪಸಾಗುವುದು ಹೊಸಬರಲ್ಲಿ ತೀರಾ ಮಾಮೂಲು. ಚೆಕ್ ಹಾಳೆಯ ತಳದಲ್ಲಿ ಅಥವಾ ಆ್ಯಪ್‌ನಲ್ಲಿ ಡೈರೆಕ್ಟ್ ಡೆಪಾಸಿಟ್ ಎಂದು ತೋರಿಸುವ ಸಂಖ್ಯೆಯನ್ನೇ ನೋಡಿ ಬರೆಯಿರಿ.

ನಿಮಗೆ ನಿಜವಾಗಿ ಲಾಭ ತರುವುದು ಸಾಲದ ವಿಷಯದಲ್ಲಿ. ಊರಿನ ಸಿಬಿಲ್ ಅಂಕ ಇಲ್ಲಿ ಲೆಕ್ಕಕ್ಕಿಲ್ಲ, ಸೊನ್ನೆಯಿಂದ ಶುರು. ಕನಿಷ್ಠ ಒಂದು ಸಾಲ ಅಥವಾ ಕ್ರೆಡಿಟ್ ಕಾರ್ಡ್ ಆರು ತಿಂಗಳು ಹಳತಾಗದೆ ಸಿಬಿಲ್‌ನಂತೆ ಇಲ್ಲಿ ನೋಡುವ ಫೈಕೋ ಅಂಕವೇ ಹುಟ್ಟುವುದಿಲ್ಲ. ಮಾಮೂಲಿ ಕಾರ್ಡ್ ಕೊಡದಿದ್ದರೆ ಸೆಕ್ಯೂರ್ಡ್ ಕಾರ್ಡ್ ಕೇಳಿ. 500 ಡಾಲರ್ ಠೇವಣಿ ಇಟ್ಟರೆ 500ರ ಮಿತಿ. ಇದರಲ್ಲಿ ಒಂದು ಸೂಕ್ಷ್ಮವಿದೆ. ತಿಂಗಳಲ್ಲಿ 450 ಖರ್ಚು ಮಾಡಿ ಕಡೇ ದಿನಾಂಕದೊಳಗೆ ಪೂರ್ತಿ ಕಟ್ಟಿದರೂ, ಸಾಮಾನ್ಯವಾಗಿ ಕ್ರೆಡಿಟ್ ಸಂಸ್ಥೆಗೆ ವರದಿಯಾಗುವುದು ಸ್ಟೇಟ್‌ಮೆಂಟ್ ತಯಾರಾದ ದಿನದ ಬಾಕಿ. ಅಂದರೆ ಮಿತಿಯ ನೂರಕ್ಕೆ ತೊಂಬತ್ತು ಬಳಸಿದ್ದೀರಿ ಎಂದು ದಾಖಲಾಗಿ ಅಂಕ ಕುಸಿಯುತ್ತದೆ. ಸ್ಟೇಟ್‌ಮೆಂಟಿಗೆ ಎರಡು ಮೂರು ದಿನ ಮೊದಲೇ ಕಟ್ಟಿ ಬಾಕಿಯನ್ನು 50ರ ಒಳಗೆ ತನ್ನಿ, ಉಳಿದದ್ದನ್ನು ಗಡುವಿನೊಳಗೆ ತೀರಿಸಿ. ಅಂಕಕ್ಕಾಗಿ ಬಡ್ಡಿ ಕಟ್ಟುತ್ತಾ ಬಾಕಿ ಉಳಿಸಿಕೊಳ್ಳಬೇಕು ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಕಾರು ಕೊಳ್ಳುವಾಗ ಡೀಲರ್ ಬಳಿ ಹೋಗುವ ಮೊದಲೇ ಬಿಇಸಿಯುವಿನಿಂದ ಸಾಲದ ಪೂರ್ವ ಮಂಜೂರಾತಿ ತೆಗೆದುಕೊಳ್ಳಿ. ಡೀಲರ್ ಮೂಲಕ ಬರುವ ಸಾಲಕ್ಕೆ ಅವರು ತಮ್ಮ ಪಾಲಿನ ಬಡ್ಡಿ ಸೇರಿಸಬಹುದು, ಅದು ಕಾನೂನುಬದ್ಧ. ನಿಮ್ಮ ಕೈಯಲ್ಲಿ ಒಂದು ದರ ಇದ್ದರೆ ಮಾತು ಬೇರೆಯೇ ಧಾಟಿಯಲ್ಲಿ ನಡೆಯುತ್ತದೆ. ಎರಡು ಮೂರು ಕಡೆ ವಿಚಾರಿಸುವುದಾದರೆ 14 ದಿನದೊಳಗೆ ಮುಗಿಸಿ, ಆಗ ಅಂಕದ ಲೆಕ್ಕದಲ್ಲಿ ಅವೆಲ್ಲ ಒಂದೇ ವಿಚಾರಣೆ. ವೀಸಾ ಅವಧಿಗಿಂತ ಉದ್ದದ ಸಾಲವನ್ನು ಕೆಲವು ಸಾಲದಾತರು ಕೊಡುವುದಿಲ್ಲ, ಐ-797 ಎಂಬ ವಲಸೆ ಇಲಾಖೆಯ ಮಂಜೂರಾತಿ ಪತ್ರ ಜೊತೆಗಿರಲಿ.

ಊರಿನಿಂದ ಹಣ ತರಿಸುವುದರಲ್ಲಿ ಕ್ರೆಡಿಟ್ ಯೂನಿಯನ್‌ಗಳು ದುರ್ಬಲ. ಎಷ್ಟೋ ಕ್ರೆಡಿಟ್ ಯೂನಿಯನ್‌ಗಳಿಗೆ ವಿದೇಶದಿಂದ ಹಣ ಬರಲು ಬೇಕಾದ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ, ಮಧ್ಯದ ಬ್ಯಾಂಕ್ ಮೂಲಕ ಬರಬೇಕು. ರೂಟಿಂಗ್ ನಂಬರನ್ನೇ ಸ್ವಿಫ್ಟ್ ಜಾಗದಲ್ಲಿ ಬರೆದುಕೊಟ್ಟರೆ ಹಣ ನಡುವೆ ಸಿಕ್ಕಿಕೊಂಡು, ಶುಲ್ಕ ಕಡಿತವಾಗಿ ವಾಪಸಾಗುತ್ತದೆ. ಒಳಬರುವ ವೈರ್‌ನ (ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಹಣ ರವಾನೆಯ) ಸೂಚನೆಯನ್ನು ಬರಹದಲ್ಲೇ ಪಡೆದು ಊರಿನ ಬ್ಯಾಂಕಿಗೆ ಕಳಿಸಿ. ಅಪ್ಪ ಅಮ್ಮನಿಗೆ ತಿಂಗಳ ಹಣ ಕಳಿಸಲು ವೈರ್ ದುಬಾರಿ. ಚೆಕಿಂಗ್ ಖಾತೆಗೆ ಜೋಡಿಸಿಕೊಳ್ಳುವ ರೆಮಿಟೆನ್ಸ್ ಸೇವೆಗಳಲ್ಲಿ ಆ ದಿನದ ವಿನಿಮಯ ದರ ಹೋಲಿಸಿ ಕಳಿಸಿ.

ಕೊನೆಗೆ ತೆರಿಗೆ. ಉಳಿತಾಯ ಖಾತೆಗೆ ಬರುವುದನ್ನು ಇವರು ಡಿವಿಡೆಂಡ್ ಎನ್ನುತ್ತಾರೆ, ಆದರೆ ತೆರಿಗೆ ಇಲಾಖೆಗೆ ಅದು ಬಡ್ಡಿ. 10 ಡಾಲರ್ ಅಥವಾ ಹೆಚ್ಚು ಬಂದಿದ್ದರೆ ಜನವರಿಯ ಹೊತ್ತಿಗೆ 1099-ಐಎನ್‌ಟಿ ಎಂಬ ಫಾರಂ ಬರುತ್ತದೆ, ರಿಟರ್ನ್‌ನಲ್ಲಿ ಬಡ್ಡಿಯ ಸಾಲಿನಲ್ಲೇ ತೋರಿಸಿ. ಅದಕ್ಕಿಂತ ಕಡಿಮೆ ಬಂದಿದ್ದರೆ ಫಾರಂ ಬರದಿದ್ದರೂ ಮೊತ್ತವನ್ನು ಸೇರಿಸಬೇಕು.