ವ್ಯಾನ್ ಬಂತಾ, ಮಗು ಇಳೀತಾ?

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟ. ತಂದೆ ಅಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವ ಗುಮಾಸ್ತ. ಮಗಳು ಪೇಟೆಯ ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸು. ವ್ಯಾನ್ ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಭಾನುವಾರ ಮಾತ್ರ ಇಲ್ಲ. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ, ತೊಂದರೆ ಏನೂ ಕಾಣದೆ, ಮಕ್ಕಳ ಮನಸ್ಸಿನ ತೊಂದರೆ ನೋಡುವ ನನ್ನ ಹತ್ತಿರ ಕಳಿಸಿದ್ದರು.

ತಾಯಿ ಕೂತ ತಕ್ಷಣ ಶಾಲೆಯ ವಾಟ್ಸಾಪ್ ಗ್ರೂಪ್ ತೋರಿಸಿದರು. ಕೃಷ್ಣನ ವೇಷದ ಫೋಟೊ, ಫೀಸಿನ ನೆನಪು, ಗುಡ್ ಮಾರ್ನಿಂಗ್ ಹೂವು. "ಇಷ್ಟೆಲ್ಲ ಕಳಿಸ್ತಾರೆ ಮೇಡಂ, ಮಗು ವ್ಯಾನ್ ಹತ್ತಿದ್ಲಾ ಅಂತ ಒಂದು ಮಾತು ಹೇಳಲ್ಲ."

ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಜುಲೈ ಮಳೆಯಲ್ಲಿ ಒಂದು ಬೆಳಿಗ್ಗೆ ಜಿಲ್ಲಾಧಿಕಾರಿ ರಜೆ ಕೊಡುವಷ್ಟರಲ್ಲಿ ವ್ಯಾನ್ ಹೊರಟಾಗಿತ್ತು. ಶಾಲೆಯವರು ಗ್ರೂಪಿಗೆ ಮೆಸೇಜ್ ಹಾಕಿ ಮಕ್ಕಳನ್ನು ವಾಪಸ್ ಕಳಿಸಿದರು. ತೋಟದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಮಗು ಗೇಟಿನಲ್ಲಿ ಒಬ್ಬಳೇ ಇಳಿದು ಮನೆವರೆಗೂ ನಡೆದು ಬಂದಿದ್ದಾಳೆ. ಆ ವಾರ ಅದೇ ಕಡೆ ಆನೆ ಓಡಾಡುತ್ತಿತ್ತು. ಯಾವ ತಾಯಿಗೆ ನಿದ್ದೆ ಬರುತ್ತೆ?

ಅಂದಿನಿಂದ ಅವರು ಕ್ಲಾಸ್ ನಡೆಯುವಾಗಲೇ ಮಿಸ್‌ಗೆ ಫೋನ್ ಮಾಡತೊಡಗಿದರು. ಮಿಸ್‌ಗೂ ಸಾಕಾಗಿ, "ನೋಡಮ್ಮ, ನಿಮ್ಮಮ್ಮಂದು ಮತ್ತೆ ಬಂತು" ಎಂದು ಎಲ್ಲರೆದುರು ಹೇಳುತ್ತಿದ್ದರಂತೆ. ಸಂಜೆ ಮನೆಯಲ್ಲಿ ಶೂ ಬಿಚ್ಚುವ ಮೊದಲೇ ವಿಚಾರಣೆ. ಮಿಸ್ ಬೈದ್ರಾ? ಯಾರಾದ್ರೂ ತಳ್ಳಿದ್ರಾ? ಡಬ್ಬಿ ಖಾಲಿ ಮಾಡಿದ್ಯಾ?

ನಾನೊಬ್ಬಳೇ ಆ ಹುಡುಗಿಯ ಜೊತೆ ಕೂತಾಗ ಅವಳ ಶಾಲೆಯ ಡೈರಿ ನೋಡಿದೆ. ಒಂದು ಪುಟದಲ್ಲಿ ಮಿಸ್ ಪೆನ್ನಿನಲ್ಲಿ ಬರೆದದ್ದನ್ನು ಎಂಜಲು ಹಚ್ಚಿ ಉಜ್ಜಿ ಉಜ್ಜಿ ಹಾಳೆಯೇ ತೂತಾಗಿತ್ತು. ಏಳರ ಮಗ್ಗಿ ಬರುತ್ತಿಲ್ಲ ಎಂದಷ್ಟೇ ಬರೆದಿದ್ದರಂತೆ. "ಅಮ್ಮ ಓದಿದ್ರೆ ಮತ್ತೆ ಫೋನ್ ಮಾಡ್ತಾಳೆ" ಅಂದಳು. ಮಗ್ಗಿಯ ಚಿಂತೆ ಅವಳಿಗಿರಲಿಲ್ಲ. ಮನೆ ಮತ್ತು ಶಾಲೆ ಜಗಳ ಆಡದಂತೆ ಕಾಯುವ ಕೆಲಸವನ್ನು ಎಂಟು ವರ್ಷದ ಹುಡುಗಿ ತಲೆ ಮೇಲೆ ಹೊತ್ತುಕೊಂಡಿದ್ದಳು.

ತಾಯಿಗೆ ಭಯ ಬಿಡಿ ಅಂತ ನಾನು ಹೇಳಲಿಲ್ಲ. ಸುದ್ದಿ ದೊಡ್ಡವರಿಂದ ದೊಡ್ಡವರಿಗೆ ಬರಲಿ, ಮಗುವಿನ ಬಾಯಿಂದ ಕೀಳುವುದು ಬೇಡ ಅಂದೆ. ಸಂಜೆ ಮೊದಲು ತಿಂಡಿ. ಆಮೇಲೆ ಬೇಕಾದರೆ, ಇವತ್ತು ಯಾರ ಪಕ್ಕ ಕೂತಿದ್ದೆ ಎಂಬಂಥ ಮಾತು. ಡೈರಿಯಲ್ಲಿ ಏನೇ ಬರೆದಿದ್ದರೂ ಓದಿ, ಸಹಿ ಹಾಕಿ, ಅಂದು ಫೋನ್ ಮುಟ್ಟಬಾರದು. ಓದಿನ ಮಾತಿಗೆ ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಕಾಲು ಗಂಟೆ. ಇದಕ್ಕೆ ಮಿಸ್ ತಕ್ಷಣ ಒಪ್ಪಿದರು. ಅವರಿಗೂ ಬೇಕಾಗಿದ್ದದ್ದು ಅದೇ ಅಲ್ವಾ?

ಶಾಲೆಯ ಜೊತೆ ಮಾತಾಡಲು ತಂದೆಯನ್ನೂ ಕಳಿಸಿದೆ. ಕೇಳಬೇಕಾದ್ದು ಕಡಿಮೆ: ಮನೆಯವರು ಯಾರಾದರೂ ಗೇಟಿನಲ್ಲಿ ಇಲ್ಲದಿದ್ದರೆ ಮಗುವನ್ನು ಇಳಿಸಬಾರದು, ಹೊತ್ತಲ್ಲದ ಹೊತ್ತಿನಲ್ಲಿ ಶಾಲೆ ಬಿಟ್ಟರೆ ಗ್ರೂಪಿನ ಮೆಸೇಜ್ ಸಾಲದು, ಫೋನ್ ಮಾಡಿ ಒಬ್ಬರು ಎತ್ತಿದ ಮೇಲೇ ವ್ಯಾನ್ ಹೊರಡಬೇಕು. ಮನೆಯ ಫೋನ್ ಸಿಗದಿದ್ದರೆ ಅಂತ ತೋಟದ ಆಫೀಸಿನ ನಂಬರನ್ನೂ ಕೊಟ್ಟು ಬಂದರು. ಸರ್ಕಾರಿ ಶಾಲೆಯಾಗಿದ್ದರೆ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಪೋಷಕರೇ ಜಾಸ್ತಿ, ಅಲ್ಲೇ ಕೇಳಬಹುದಿತ್ತು. ಇಲ್ಲಿ ಪೋಷಕರ ಸಭೆಯಲ್ಲಿ ಬಾಯಿ ಬಿಡಬೇಕಾಯಿತು. ಇಳಿಸುವ ವಿಷಯಕ್ಕೆ ಆಡಳಿತದವರು ಹೂಂ ಅಂದರು. ಫೋನ್ ಮಾಡುವುದಕ್ಕೆ ಸ್ವಲ್ಪ ಗೊಣಗಿದರು, ಈಗ ಮಾಡುತ್ತಿದ್ದಾರೆ.

ಹೊಟ್ಟೆನೋವು ಒಮ್ಮೆಗೇ ಹೋಗಲಿಲ್ಲ. ಸೋಮವಾರ ಇನ್ನೂ ಇಣುಕುತ್ತದೆ. ಮಗ್ಗಿಯೂ ಪೂರ್ತಿ ಬಂದಿಲ್ಲ, ಆದರೆ ಡೈರಿ ತಾನೇ ತೆಗೆದು ಕೊಡುತ್ತಾಳಂತೆ.

ಒಂದು ಮಾತು ತಾಯಿಗೆ ಬೇರೆಯಾಗಿ ಹೇಳಿದೆ. ಶನಿವಾರದವರೆಗೆ ಕಾಯುವ ನಿಯಮ ಓದಿಗೆ ಮಾತ್ರ. ಹೊಡೆದರು, ಅವಮಾನ ಮಾಡಿದರು, ಮುಟ್ಟಬಾರದ ಕಡೆ ಮುಟ್ಟಿದರು ಎಂದು ಮಗು ಹೇಳಿದರೆ ಆ ಕ್ಷಣವೇ ಶಾಲೆಗೆ ಹೋಗಿ. ಶಾಲೆಯಲ್ಲಿ ಮಗುವಿಗೆ ಹೊಡೆಯುವುದನ್ನು, ಹಿಂಸಿಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮೈ ಮುಟ್ಟಿದ ವಿಷಯವಾದರೆ ಶಾಲೆಯವರ ಉತ್ತರಕ್ಕೂ ಕಾಯದೆ ಪೊಲೀಸರಿಗೋ, ಮಕ್ಕಳ ಸಹಾಯವಾಣಿ 1098ಕ್ಕೋ ಫೋನ್ ಮಾಡಿ.