ಆಸ್ಪತ್ರೆ ಸೇರಿದ ಮೇಲೂ ಯಾಕೆ?

ಮಲ್ಲೇಶ್ವರದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮನೆಕೆಲಸಕ್ಕೆ ಬರುವಾಕೆಯ ಮಗಳು ಹೆರಿಗೆಯಾದ ರಾತ್ರಿಯೇ ತೀರಿಕೊಂಡಳು. ಮನೆಯಲ್ಲಲ್ಲ, ಆಸ್ಪತ್ರೆಯಲ್ಲೇ. ಹಾಗಿದ್ದ ಮೇಲೆ ನೀವು ಆಸ್ಪತ್ರೆಗೆ ಹೋಗಿ ಅಂತ ಬರೆದು ಏನು ಪ್ರಯೋಜನ? ನನ್ನ ಸೊಸೆಗೂ ಏಳನೇ ತಿಂಗಳು. ಸೀಮಂತ ಮುಗಿಸಿ ಹಾಸನಕ್ಕೆ ತವರಿಗೆ ಹೊರಟಿದ್ದಾಳೆ. ಎಲ್ಲ ಹಣೆಬರಹ ಅನ್ನಿಸಿದೆ."

ಅಮ್ಮ, ನಿಮ್ಮ ಸಿಟ್ಟು ಸರಿಯಾಗಿದೆ. ಹಣೆಬರಹ ಅನ್ನೋದನ್ನು ಮಾತ್ರ ಒಪ್ಪಲಾರೆ. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ 2018–20ರ ಲೆಕ್ಕದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟಿದರೆ ನಮ್ಮಲ್ಲಿ 69 ತಾಯಂದಿರು ಸತ್ತಿದ್ದಾರೆ. ಕೇರಳದಲ್ಲಿ 19. ಪಕ್ಕದ ರಾಜ್ಯವೇ ಅಲ್ವಾ? ಹಣೆಬರಹ ಗಡಿ ನೋಡಿ ಬದಲಾಗಲ್ಲ.

ಸಾವಿನ ದೊಡ್ಡ ಕಾರಣ ರಕ್ತಸ್ರಾವ. ಮಗು ಹೊರಬಂದು ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿ ಕಟ್ಟಿದ ಹಾಗೆ ಬಿಗಿಯಾಗಬೇಕು. ಆಗಲೇ ಒಳಗಿನ ರಕ್ತನಾಳಗಳ ಬಾಯಿ ಮುಚ್ಚೋದು. ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ಅದು ಸಡಿಲವಾಗಿಯೇ ಉಳಿದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು.

ಹೆರಿಗೆಯಾದ ಮೇಲೆ ಹೊರಹೋದ ರಕ್ತ ಅರ್ಧ ಲೀಟರ್ ದಾಟಿದರೆ ಅಪಾಯ ಅಂತ ಡಾಕ್ಟರರಿಗೆ ಗೊತ್ತು. ಅಳೆಯೋದು ಹೇಗೆ? ಸ್ವಲ್ಪ ಬಟ್ಟೆ ಹೀರಿಕೊಂಡಿದೆ, ಸ್ವಲ್ಪ ಬಕೆಟ್‌ನಲ್ಲಿದೆ, ಸ್ವಲ್ಪ ನೆಲದ ಮೇಲೆ. ಕಣ್ಣಂದಾಜು ಹೆಚ್ಚಾಗಿ ಕಡಿಮೆಯೇ ಬರುತ್ತದೆ. ಹೊರಗೆ ಕೂತ ಹಿರಿಯರೂ "ಕೆಟ್ಟ ರಕ್ತ, ಹೋಗಲಿ ಬಿಡಿ" ಅಂತಾರೆ. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಬಾಣಂತಿಯ ಕೆಳಗೆ ಅಳತೆಗೆರೆ ಇರುವ ಪ್ಲಾಸ್ಟಿಕ್ ಹಾಳೆ ಹಾಸಿದರು. ರಕ್ತ ಗೆರೆ ಮುಟ್ಟಿತೋ, ಹೊಟ್ಟೆ ನೀವೋದು, ಗರ್ಭಕೋಶ ಬಿಗಿಮಾಡುವ ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಔಷಧ, ಡ್ರಿಪ್ ಎಲ್ಲ ಒಟ್ಟಿಗೇ ಶುರು. ಒಂದು ಕೊಟ್ಟು ಕಾದು ನೋಡಿ ಇನ್ನೊಂದು ಕೊಡೋದಲ್ಲ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯೋದು, ಸಾವು ಇವೆಲ್ಲ ಸೇರಿಸಿ ನೋಡಿದರೆ 60% ಕಡಿಮೆಯಾಯಿತು. 2023ರಲ್ಲಿ ಬಂದ ಫಲಿತಾಂಶ ಇದು. ಒಂದು ಪ್ಲಾಸ್ಟಿಕ್ ಹಾಳೆ, ಕಾಯದೆ ಕೊಟ್ಟ ಚಿಕಿತ್ಸೆ, ಅಷ್ಟೇ!

ನಮ್ಮಲ್ಲಿ ಇನ್ನೊಂದು ತೊಡಕಿದೆ. ರಾಜ್ಯದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆ. ಗಟ್ಟಿಯಿರುವ ಹುಡುಗಿ ತಡೆದುಕೊಳ್ಳುವಷ್ಟು ರಕ್ತ ಹೋದರೆ ಹಿಮೋಗ್ಲೋಬಿನ್ 7 ಇರೋಳಿಗೆ ತಡೆಯಲ್ಲ. "ಐರನ್ ಮಾತ್ರೆ ತಗೊಂಡ್ರೆ ಮಲ ಕಪ್ಪಗಾಗುತ್ತೆ, ವಾಂತಿ ಬರುತ್ತೆ" ಅಂತ ಡಬ್ಬಿಯಲ್ಲೇ ಬಿಡೋರು ಎಷ್ಟು ಮಂದಿ!

ಬಿಪಿ ಏರಿ ಫಿಟ್ಸ್ ಬರೋದು ಇನ್ನೊಂದು ದೊಡ್ಡ ಕಾರಣ. ಹೆರಿಗೆ ನಂತರದ ನಂಜು, ಕದ್ದುಮುಚ್ಚಿ ಮಾಡಿಸುವ ಗರ್ಭಪಾತ, ಮೊದಲೇ ಇದ್ದ ಹೃದಯದ ಕಾಯಿಲೆ ಕೂಡ ಇವೆ. ಆದರೆ ನಿಮ್ಮ ಸೊಸೆಯ ವಿಷಯಕ್ಕೆ ಬಿಪಿ ಮುಖ್ಯ. ಯಾಕೆಂದರೆ ಅದು ಏರೋದು ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ, ಸರಿಯಾಗಿ ನಾವು ಹುಡುಗಿಯನ್ನು ತವರಿಗೆ ಕಳಿಸುವ ಹೊತ್ತಲ್ಲಿ. ಏಳು ತಿಂಗಳ ಬಿಪಿ ಲೆಕ್ಕ ಬೆಂಗಳೂರಿನ ಫೈಲಿನಲ್ಲಿ, ಹುಡುಗಿ ಹಾಸನದಲ್ಲಿ. ಅಲ್ಲಿನ ಡಾಕ್ಟರರಿಗೆ ಅವಳು ಹೊಸಬಳು. ಕಾಲು ಊದಿದರೆ "ಬಸುರಿಗೆ ಅದೆಲ್ಲ ಇದ್ದದ್ದೇ" ಅಂತ ಮನೆಯವರು ಸುಮ್ನಾಗ್ತಾರೆ. ಊತ ಹಲವರಿಗೆ ಬರುತ್ತದೆ, ನಿಜ. ಜೊತೆಗೆ ತಲೆಸಿಡಿತ, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಇದ್ದರೆ ರಾತ್ರಿಯಾದರೂ ಹೊರಡಬೇಕು. 140/90 ದಾಟಿದರೆ ಡಾಕ್ಟರರಿಗೆ ತೋರಿಸಲೇಬೇಕು. ಫಿಟ್ಸ್ ತಡೆಯೋಕೆ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಇದೆ, ದುಬಾರಿಯೂ ಅಲ್ಲ.

ತವರಿಗೆ ಕಳಿಸಬೇಡಿ ಅನ್ನಲ್ಲ. ಅಮ್ಮನ ಕೈಯ ಬಾಣಂತನಕ್ಕೆ ಸಾಟಿ ಇಲ್ಲ. ತಾಯಿ ಕಾರ್ಡ್, ಸ್ಕ್ಯಾನ್, ರಕ್ತಪರೀಕ್ಷೆ ಚೀಟಿಗಳನ್ನೆಲ್ಲ ಅವಳ ಬ್ಯಾಗಿಗೇ ಹಾಕಿ. ಹಾಸನಕ್ಕೆ ಹೋದ ಮೊದಲ ವಾರವೇ ಅಲ್ಲಿನ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಲಿ. ಆ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ರಕ್ತ ಸಿಗುತ್ತಾ, ಸಿಗದಿದ್ದರೆ ಎಲ್ಲಿಗೆ ಕಳಿಸ್ತಾರೆ ಅಂತ ಬೀಗರು ಈಗಲೇ ಕೇಳಿಟ್ಟುಕೊಳ್ಳಲಿ. ಕೇಳೋಕೆ ಅವರಿಗೆ ಸಂಕೋಚ ಆದರೆ ನೀವೇ ಫೋನ್ ಮಾಡಿ.

–ಸಂ.