ಒಂದು ಸಾಲಿನಲ್ಲಿರುವ ಸ್ಮೈಲಿಗಳನ್ನು ಎಣಿಸಲು ಅತಿ ಚಿಕ್ಕ ಕೋಡ್ ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಕಾಲೇಜಿನಲ್ಲಿ ಕೋಡ್ ಗಾಲ್ಫ್ ಸ್ಪರ್ಧೆ. ಒಂದು ಸಾಲು ಕೊಡುತ್ತಾರೆ, ಅದರಲ್ಲಿ ಎಷ್ಟು ಸ್ಮೈಲಿ ಇವೆ ಅಂತ ಪ್ರಿಂಟ್ ಮಾಡಬೇಕು. ಕಣ್ಣು : ಅಥವಾ ; ಆಗಿರಬೇಕು. ಮೂಗು - ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬಾಯಿ ) ಅಥವಾ ( ಆಗಿರಬೇಕು. ಎರಡನೇ ಸುತ್ತಿನಲ್ಲಿ ಇವುಗಳ ಜೊತೆ ಠ_ಠ ಮತ್ತು ಥ_ಥ ಕೂಡ ಲೆಕ್ಕಕ್ಕೆ ಬರುತ್ತವೆ. ಯಾರದು ಕಡಿಮೆ ಬೈಟ್ ಅವರು ಗೆದ್ದರು. ಮೊದಲ ಸುತ್ತಿಗೆ ನಿಮ್ಮ ಪೈಥಾನ್ ಕೋಡ್ 211 ಬೈಟ್, ನಿಮ್ಮ ಗೆಳೆಯ 54ರಲ್ಲಿ ಮುಗಿಸಿದೆ ಅನ್ನುತ್ತಾನೆ. ಅದು ಹೇಗೆ ಸಾಧ್ಯ ಅನ್ನೋದು ನಿಮ್ಮ ಅನುಮಾನ, ಅಲ್ವಾ?

ಸಾಧ್ಯ. ಅವನು ಬುರುಡೆ ಬಿಡುತ್ತಿಲ್ಲ.

ನಿಮ್ಮ ಕೋಡ್ ಒಂದೊಂದೇ ಅಕ್ಷರದ ಹತ್ತಿರ ಹೋಗಿ ವಿಚಾರಿಸುತ್ತದೆ. ನೀನು ಕಣ್ಣಾ? ಹಾಗಾದರೆ ನಿನ್ನ ಪಕ್ಕದವನು ಮೂಗಾ? ಅಲ್ಲದಿದ್ದರೆ ಬಾಯಾ? ಸಾಲು ಮುಗಿದುಹೋಯಿತಾ? ಈ ಕೊನೆಯ ವಿಚಾರಣೆಗೇ ನೀವು ಸುಮಾರು ಬೈಟ್ ಸುರಿದಿದ್ದೀರಿ. ಲೂಪ್ ಬಿಟ್ಟುಬಿಡಿ. ಹುಡುಕುವುದು ಹೇಗೆ ಅಂತ ಹೇಳುವ ಬದಲು, ಹುಡುಕಬೇಕಾದದ್ದು ನೋಡಲು ಹೇಗಿರುತ್ತದೆ ಅಂತ ಮಾತ್ರ ಹೇಳಿ. ಅದಕ್ಕೇ ರೆಜೆಕ್ಸ್ (ಹುಡುಕಬೇಕಾದ ಅಕ್ಷರಗಳ ಮಾದರಿಯನ್ನು ಗುರುತುಗಳಲ್ಲಿ ಬರೆಯುವ ರೀತಿ) ಇರುವುದು:

[:;]-?[)(]

ಕಣ್ಣು, ಬೇಕಾದರೆ ಮೂಗು, ಬಾಯಿ. ಇಡೀ ನಿಯಮ 10 ಬೈಟ್‌ನಲ್ಲಿ ಮುಗಿಯಿತು. ಗೆಳೆಯನ 54ರಲ್ಲಿ ಉಳಿದ 44 ಬೈಟ್ ಎಲ್ಲಿಗೆ ಹೋಯಿತು ಅಂದರೆ ಇಂಪೋರ್ಟ್, ಪ್ರಿಂಟ್, ಲೆನ್, ಫೈಂಡ್‌ಆಲ್, ಇನ್‌ಪುಟ್, ಮತ್ತೆ ಅವುಗಳ ಆವರಣಗಳಿಗೆ. ಮದುವೆ ಊಟಕ್ಕಿಂತ ಶಾಮಿಯಾನದ ಬಾಡಿಗೆಯೇ ಜಾಸ್ತಿ ಆದ ಹಾಗೆ.

ಇಲ್ಲಿ ಒಂದು ಅಡ್ಡದಾರಿ ಆಸೆ ಹುಟ್ಟಿಸುತ್ತದೆ. ಮೊದಲು ಸಾಲಿನಲ್ಲಿರುವ - ಗಳನ್ನೆಲ್ಲ ಅಳಿಸಿ, ಆಮೇಲೆ ಬರೀ ಕಣ್ಣು-ಬಾಯಿ ಜೋಡಿಗಳನ್ನು ಎಣಿಸಿದರೆ ಆಯಿತಲ್ಲ ಅಂತ. ಆಗಲ್ಲ. :--) ಅನ್ನೋದು ನಿಮ್ಮ ನಿಯಮದ ಪ್ರಕಾರ ಸ್ಮೈಲಿ ಅಲ್ಲ, ಅದಕ್ಕೆ ಎರಡು ಮೂಗು. ಅಳಿಸಿದ ಮೇಲೆ ಅದೂ :) ಆಗಿ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಇನ್ನೊಂದು ಕಡೆ, (ಉದಾ:) ಅಂತ ಬರೆದಿದ್ದರೆ ಅದರ ಕೊನೆಯ ಎರಡು ಗುರುತು ಸೇರಿ ಒಂದು ನಗು ಆಗುತ್ತದೆ. ಬರೆದವರು ನಗದಿದ್ದರೂ ನಿಯಮದ ಪ್ರಕಾರ ಅದು ಒಂದು. ಅದನ್ನು ಸರಿಪಡಿಸಲು ಹೋಗಬೇಡಿ, ಸುಮ್ನೆ ಬೈಟ್ ದಂಡ.

ಮೂಗಿನ ಮಾತು ಬಂತು ಅಂತ ಹೇಳುತ್ತೇನೆ. ಸ್ಮೈಲಿಯ ಮೂಲ ರೂಪದಲ್ಲಿ ಮೂಗು ಇತ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲಿಫ್ಟ್‌ನೊಳಗೆ ಪಾದರಸ ಚೆಲ್ಲಿದೆ ಅಂತ ಯಾರೋ ತಮಾಷೆಗೆ ಬರೆದರೆ, ಕೆಲವರು ನಿಜ ಅಂದುಕೊಂಡರು. ಹಾಗಾದರೆ ತಮಾಷೆಗೆ ಒಂದು ಗುರುತು ಬೇಕು ಅನ್ನುವ ಚರ್ಚೆ ಎದ್ದಿತು. 1982ರ ಸೆಪ್ಟೆಂಬರ್ 19ರಂದು ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್‌ಮನ್ ಅವರು :-) ಸೂಚಿಸಿದರು, ಅಡ್ಡಲಾಗಿ ಓದಿ ಅಂತಲೂ ಹೇಳಿದರು. ನನಗೆ ಇಷ್ಟವಾದದ್ದು ಅದರ ಜೊತೆಗೆ ಬಂದ :-( . ಅವರು ಅದನ್ನು ಸೂಚಿಸಿದ್ದು ಬೇಸರಕ್ಕಲ್ಲ, 'ಇದು ತಮಾಷೆ ಅಲ್ಲ' ಅನ್ನುವ ಗುರುತಾಗಿ. ಆ ಸಂದೇಶ ಕಳೆದೇಹೋಗಿತ್ತು. 2002ರಲ್ಲಿ ಹಳೆಯ ಬ್ಯಾಕಪ್ ಟೇಪ್‌ಗಳಲ್ಲಿ ಹುಡುಕಿ ತೆಗೆದರು.

ಸರಿ, ಕೋಡ್‌ಗೆ ಬರೋಣ. ಭಾಷೆ ನಿಮ್ಮ ಇಷ್ಟ ಅಂತ ನಿಯಮದಲ್ಲಿದ್ದರೆ ಪೈಥಾನ್‌ನಲ್ಲೇ ಒದ್ದಾಡಬೇಕಿಲ್ಲ. ಮಾರ್ಟಿನ್ ಎಂಡರ್ ಮಾಡಿದ ರೆಟಿನಾ ಅನ್ನುವ ಭಾಷೆ ಇದೆ. ಪೂರ್ತಿ ರೆಜೆಕ್ಸ್ ಮೇಲೇ ನಿಂತಿದೆ. ಅದರಲ್ಲಿ ಒಂದೇ ಸಾಲಿನ ಪ್ರೋಗ್ರಾಂ ಬರೆದರೆ, ಆ ಸಾಲು ಎಷ್ಟು ಸಲ ಹೊಂದಿತು ಅನ್ನುವ ಸಂಖ್ಯೆಯೇ ಉತ್ತರವಾಗಿ ಬರುತ್ತದೆ. ಅಂದರೆ ಮೇಲೆ ಬರೆದ 10 ಬೈಟ್ ಇದೆಯಲ್ಲ, ಅದೇ ಪೂರ್ತಿ ಪ್ರೋಗ್ರಾಂ. ಶಾಮಿಯಾನವೇ ಬೇಡ.

ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವುದಾದರೆ ನಾನು ಬಿದ್ದ ಗುಂಡಿಗೆ ನೀವು ಬೀಳಬೇಡಿ. ಓದುವಾಗ ಇಂಥದ್ದೇ ಒಂದು ಸ್ಪರ್ಧೆಯಲ್ಲಿ ನಾನು ಮ್ಯಾಚ್ ಬಳಸಿ, ಬಂದ ಪಟ್ಟಿಯ ಲೆಂತ್ ಕೊಟ್ಟೆ. ಆರೋ ಫಂಕ್ಷನ್ ಆಗಿ 32 ಬೈಟ್. ಪಕ್ಕದವಳದು 33. ಅವಳು ಸ್ಮೈಲಿ ಇದ್ದ ಜಾಗದಲ್ಲಿ ಸಾಲನ್ನು ಸ್ಪ್ಲಿಟ್‌ನಿಂದ ತುಂಡು ಮಾಡಿ, ತುಂಡುಗಳ ಲೆಕ್ಕದಲ್ಲಿ ಒಂದು ಕಳೆದಿದ್ದಳು. ಒಂದು ಬೈಟ್‌ನಿಂದ ಗೆದ್ದೆ ಅಂತ ಕ್ಯಾಂಟೀನ್‌ನಲ್ಲಿ ಟೀ ಕೂಡ ಕೊಡಿಸಿದ್ದೆ. ಫಲಿತಾಂಶ ಬಂದಾಗ ನನ್ನ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಒಂದು ಪರೀಕ್ಷಾ ಸಾಲಿನಲ್ಲಿ ಸ್ಮೈಲಿಯೇ ಇರಲಿಲ್ಲ. ಆಗ ಮ್ಯಾಚ್ ಖಾಲಿ ಪಟ್ಟಿ ಕೊಡುವುದಿಲ್ಲ, ನಲ್ (ಅಂದರೆ 'ಏನೂ ಇಲ್ಲ') ಕೊಡುತ್ತದೆ. ನಲ್‌ಗೆ ಲೆಂತ್ ಎಲ್ಲಿಂದ ಬರಬೇಕು? ಕೋಡ್ ಅಲ್ಲೇ ಮಗುಚಿಬಿತ್ತು. ಟೀ ದುಡ್ಡೂ ಹೋಯಿತು.

ಪರ್ಲ್‌ನಲ್ಲೂ ಇದೇ ಕಥೆ. ಸ್ಮೈಲಿಗಳನ್ನು ಅಳಿಸಿ, ಎಷ್ಟು ಅಳಿಸಿದೆ ಅನ್ನುವ ಸಂಖ್ಯೆ ಪ್ರಿಂಟ್ ಮಾಡುವ ಕೋಡ್ 18 ಬೈಟ್ ಆಗುತ್ತದೆ (ಸಾಲು ಓದಿ ಪ್ರಿಂಟ್ ಮಾಡುವ ಕೆಲಸವನ್ನು ಕಮಾಂಡ್‌ನ ಫ್ಲ್ಯಾಗ್‌ಗೆ ಬಿಟ್ಟರೆ). ಆದರೆ ಒಂದೂ ಸಿಗದಿದ್ದರೆ ಅದು 0 ಅನ್ನುವುದಿಲ್ಲ, ಖಾಲಿ ಬಿಡುತ್ತದೆ. ಹೊಂದಿದವನ್ನು ಖಾಲಿ ಆವರಣಕ್ಕೆ ಹಾಕಿ ಎಣಿಸುವ ಇನ್ನೊಂದು ದಾರಿ 19 ಬೈಟ್, ಅದು ಸೊನ್ನೆಯನ್ನೂ ಸರಿಯಾಗಿ ಹೇಳುತ್ತದೆ. ಸ್ಮೈಲಿ ಇಲ್ಲದ ಸಾಲನ್ನು ಎಲ್ಲಕ್ಕಿಂತ ಮೊದಲು ಓಡಿಸಿ ನೋಡಿ.

ಈಗ ಎರಡನೇ ಸುತ್ತು. ನನಗೆ ನಿಜವಾಗಿ ಖುಷಿ ಕೊಟ್ಟದ್ದು ಇದು. ಠ_ಠ ಅನ್ನುವ ಮುಖ ಲೋಕವೆಲ್ಲ ಓಡಾಡುತ್ತದೆ, 'ಏನಯ್ಯಾ ಇದು ನಿನ್ನ ಅವತಾರ' ಅನ್ನುವ ನೋಟಕ್ಕೆ. ಅದನ್ನು ಬಳಸುವ ಎಷ್ಟೋ ಜನಕ್ಕೆ ಆ ಕಣ್ಣು ನಮ್ಮ ಠೇವಣಿಯ ಠ, ಠಾಣೆಯ ಠ ಅಂತ ಗೊತ್ತೇ ಇಲ್ಲ. ಅಳುವ ಮುಖ ಥ_ಥ ಕೂಡ ನಮ್ಮದೇ ಅಕ್ಷರ. ಒಂದನೇ ತರಗತಿಯಲ್ಲಿ ಠ ತಿದ್ದುವಾಗ ನಮಗೆ ಯಾರಿಗೂ ಅದರಲ್ಲಿ ಹುಬ್ಬು ಕಾಣಲಿಲ್ಲ ನೋಡಿ!

ನಿಮ್ಮ ಎಡಿಟರ್ ತೋರಿಸುವ ಲೆಕ್ಕ ಸ್ಪರ್ಧೆಯ ಲೆಕ್ಕಕ್ಕೆ ತಾಳೆ ಆಗುತ್ತಿಲ್ಲ ಅಂದಿರಿ. ಎಡಿಟರ್ ಅಕ್ಷರ ಎಣಿಸುತ್ತದೆ, ಸ್ಪರ್ಧೆ ಬೈಟ್ ಎಣಿಸುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಠ ಸಂಖ್ಯೆ 3232, ಥ ಸಂಖ್ಯೆ 3237. ಆ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 127ರವರೆಗೆ ಒಂದು ಬೈಟ್, 2047ರವರೆಗೆ ಎರಡು, ಅದರಾಚೆ 65535ರವರೆಗೆ ಮೂರು. ಹಾಗಾಗಿ ಕನ್ನಡದ ಒಂದೊಂದು ಅಕ್ಷರಕ್ಕೂ 3 ಬೈಟ್ ತೆರಬೇಕು, ಠ_ಠ ಒಂದಕ್ಕೇ 7. ಹಟಕ್ಕೆ ಬಿದ್ದು ವೇರಿಯಬಲ್‌ಗೆ 'ಸ್ಮೈಲಿ' ಅಂತ ಹೆಸರಿಟ್ಟರೆ ಒತ್ತು, ಗುಣಿತ ಎಲ್ಲ ಸೇರಿ 18 ಬೈಟ್. ಪೈಥಾನ್ 3 ಬೇಡ ಅನ್ನುವುದಿಲ್ಲ, ನೀವೇ ಬೇಡ ಅನ್ನಬೇಕು.

ಎರಡೂ ಮುಖ ಬರೆಯಲು ಮೂರು ದಾರಿ:

ಠ_ಠ|ಥ_ಥ
([ಠಥ])_\1
(ಠ|ಥ)_\1

ಕ್ರಮವಾಗಿ 15, 13, 12 ಬೈಟ್. \1 ಅಂದರೆ ಮೊದಲ ಆವರಣದಲ್ಲಿ ಸಿಕ್ಕಿದ್ದೇ ಮತ್ತೆ ಬರಬೇಕು. ಹಾಗಾಗಿ ಠ_ಥ ಅನ್ನುವ ಅರೆಬರೆ ಮುಖ ಲೆಕ್ಕಕ್ಕೆ ಬರುವುದಿಲ್ಲ. ಮೂರನೆಯದು ಚಿಕ್ಕದು ಮಾತ್ರ ಅಲ್ಲ, ಗಟ್ಟಿ ಕೂಡ. ಯಾಕೆಂದರೆ ಪರ್ಲ್‌ಗೆ ಯುಟಿಎಫ್-8 ಅಂತ ಹೇಳದಿದ್ದರೆ ಅದು ಅಕ್ಷರ ನೋಡದೆ ಬೈಟ್ ನೋಡುತ್ತದೆ. ಠ ಅಂದರೆ 224, 178, 160. ಥ ಅಂದರೆ 224, 178, 165. ಚೌಕ ಆವರಣ ಇವುಗಳಲ್ಲಿ ಯಾವುದಾದರೂ ಒಂದೇ ಬೈಟ್ ಹಿಡಿಯುತ್ತದೆ. ಠ_ಠ ದಲ್ಲಿ ಅಡ್ಡಗೆರೆಯ ಹಿಂದೆ ಇರುವುದು 160, ಮುಂದೆ ಇರುವುದು 224. ಎರಡೂ ಬೇರೆ, \1 ಹೊಂದುವುದೇ ಇಲ್ಲ. ಮುಖ ಕಣ್ಣೆದುರೇ ಇದ್ದರೂ ಉತ್ತರ ಸೊನ್ನೆ. ದುಂಡು ಆವರಣದಲ್ಲಿ | ಹಾಕಿದರೆ ಮೂರೂ ಬೈಟ್ ಒಟ್ಟಿಗೇ ಹಿಡಿಯುತ್ತದೆ, ತೊಂದರೆ ಇಲ್ಲ.

ಈಗ ಎರಡನ್ನೂ ಸೇರಿಸಿದರೆ:

[:;]-?[)(]|(ಠ|ಥ)_\1

23 ಬೈಟ್. ಪೈಥಾನ್‌ನಲ್ಲಿ ಇದನ್ನು ಹಾಗೇ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ \1 ಅನ್ನು ಪೈಥಾನ್ ತಾನೇ ನುಂಗಿ, ಕಣ್ಣಿಗೆ ಕಾಣದ 1ನೇ ಸಂಖ್ಯೆಯ ಅಕ್ಷರ ಮಾಡಿಬಿಡುತ್ತದೆ. ಎರರ್ ಕೂಡ ಬರುವುದಿಲ್ಲ. ಮುಂದೆ 'ಆರ್' ಅಕ್ಷರ ಸೇರಿಸಿ ರಾ ಸ್ಟ್ರಿಂಗ್ ಮಾಡಿ. ಒಟ್ಟು 68 ಬೈಟ್, ನಿಮ್ಮ ಎಡಿಟರ್ 64 ಅನ್ನುತ್ತದೆ. ಸ್ಪ್ಲಿಟ್ ದಾರಿ ಹಿಡಿಯುವವರು ಮಾತ್ರ 15 ಬೈಟ್‌ನ ಮೊದಲ ರೂಪವನ್ನೇ ಬಳಸಬೇಕು. ದುಂಡು ಆವರಣದಲ್ಲಿ ಸಿಕ್ಕಿದ್ದನ್ನೂ ಸ್ಪ್ಲಿಟ್ ತುಂಡುಗಳ ನಡುವೆ ತೂರಿಸುತ್ತದೆ, ಲೆಕ್ಕ ಕೆಡುತ್ತದೆ.

ಕಳಿಸುವ ಮೊದಲು ಸ್ಪರ್ಧೆ ನಡೆಸುವವರನ್ನು ಒಂದು ಮಾತು ಕೇಳಿ. ಠ_ಠ_ಠ ಬಂದರೆ ಒಂದೋ, ಎರಡೋ? ಮೇಲಿನ ಕೋಡ್ ಒಂದು ಅನ್ನುತ್ತದೆ, ನಡುವಿನ ಕಣ್ಣನ್ನು ಮೊದಲ ಮುಖವೇ ಬಳಸಿಕೊಂಡಿರುತ್ತದೆ. ಎರಡು ಅಂತ ಅವರು ಹೇಳಿದರೆ ಕೊನೆಯ \1 ಬದಲು (?=\1) ಹಾಕಿ. 4 ಬೈಟ್ ಜಾಸ್ತಿ ಆಗುತ್ತದೆ, ಗೆಳೆಯನಿಗೂ ಅಷ್ಟೇ ಆಗುತ್ತದೆ ಬಿಡಿ.